ಕಿಟಕಿಯ ಬಳಿ ಅಪ್ಪನ ಚಪ್ಪಲಿ

ಹೋದ ವಾರ ನಮ್ಮ ಹುಬ್ಬಳ್ಳಿಯ ಮನೆಗೆ ಹೊಸ ಬಾಗಿಲು ಕೂಡಿಸಿದ ಬಡಿಗೇರರು ಕಟ್ಟಿಗೆಗೆ ಅಗಸೆ ಎಣ್ಣೆ ಸವರಿ ಹೋದರು. ಸಂಜೆಯಾದರೂ ವಾಸನೆ ಹೋಗಲಿಲ್ಲ. ಮಗ ಮೂಗು ಮುಚ್ಚಿಕೊಂಡ. ನನಗೆ ಮಾತ್ರ ಕಲಘಟಗಿಯ ನಮ್ಮ ತವರುಮನೆಯ ಮುಂದಿನ ಖೋಲಿ ನೆನಪಾಯಿತು. ಆ ಖೋಲಿಯಲ್ಲಿ ಯಾವಾಗಲೂ ಇದೇ ವಾಸನೆ...

ಅಲ್ಲಿ ಬಾಡಿಗೆಗಿದ್ದವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅಕ್ಕೋರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವರ ಒಂದು ಅಭ್ಯಾಸ ಓಣಿಯವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಮನೆಮನೆಗೆ ಹೋಗಿ ಹಳೆಯ ಸಾಮಾನು ಕೇಳುತ್ತಿದ್ದರು. ಕೀಲಿಕೈ ಕಳೆದುಹೋದ ಬೀಗ, ಹಿಡಿಕೆ ಮುರಿದ ಸೌಟು, ಮಸಿ ಹಿಡಿದ ಕಂದೀಲು. ಅವನ್ನು ಕಿಟಕಿಯ ಬಾಜು ಮೇಜಿನ ಮೇಲೆ ಜೋಡಿಸಿ, ಅಗಸೆ ಎಣ್ಣೆ ಬೆರೆಸಿದ ಬಣ್ಣದಲ್ಲಿ ಚಿತ್ರ ಬರೆದು, ತಿರುಗಿ ಕೊಡುತ್ತಿದ್ದರು. ಯಾರಾದರೂ ಪಾತ್ರೆ ಬೆಳಗಿ ಕೊಡಲು ಹೋದರೆ, "ಹಂಗ ಕೊಡ್ರಿ, ತೊಳೀಬ್ಯಾಡ್ರಿ" ಎನ್ನುತ್ತಿದ್ದರು. ಕುಂಚ ಹಿಡಿಯುವ ಮೊದಲು ಎಷ್ಟೋ ಹೊತ್ತು ಬರೀ ನೋಡುತ್ತಿದ್ದರು. ಕಂದೀಲನ್ನು ಒಂದು ಬೆರಳಿನಷ್ಟು ಆಚೆ ಸರಿಸುವರು, ಮತ್ತೆ ಈಚೆ ತರುವರು, ಕೊನೆಗೆ ಅದನ್ನು ತೆಗೆದೇ ಬಿಡುವರು.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಅಪ್ಪ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದ್ದರಂತೆ. ಅವ್ವ ತಂಬಿಗೆ ತರುವಷ್ಟರಲ್ಲಿ... ಅವ್ವ ಅತ್ತದ್ದು ಆ ಒಂದೇ ದಿನ. ಆಮೇಲೆ ಅಪ್ಪನ ಸಾಮಾನನ್ನೆಲ್ಲ ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ಅಪ್ಪನ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನೂ ತೆಗೆಯುವುದನ್ನು ಬಿಟ್ಟೆ. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಸಪ್ಪಳವಷ್ಟೇ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕೋರು ನಡುಮನೆಗೆ ಬಂದು ನೇರವಾಗಿ ಕೇಳಿಬಿಟ್ಟರು. "ವೈನಿ, ಅಣ್ಣಾರ ಸಾಮಾನು ಏನರ ಇದ್ರ ಕೊಡ್ತೀರೇನ್ರಿ?"

ಮೆಂತ್ಯ ಸೊಪ್ಪು ಸೋಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಸತ್ತವರ ಸಾಮಾನು ತಗೊಂಡು ಏನ್ ಮಾಡ್ತೀರಿ ಅಕ್ಕೋರ?"

"ನೋಡ್ತೀನ್ರಿ," ಎಂದರು ಅವರು. ಅಷ್ಟೇ.

ಅವ್ವನಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಆದರೆ ಮರುದಿನ ಅವಳು ಅಟ್ಟ ಹತ್ತಿ, ಒಂದು ಗಂಟು ಇಳಿಸಿ, ಖೋಲಿಯ ಹೊಸ್ತಿಲ ಬಳಿ ಇಟ್ಟು ಬಂದಳು. ಅಪ್ಪನ ಚಪ್ಪಲಿ, ಕೈಬ್ಯಾಟರಿ, ಎಲೆ ಅಡಿಕೆಯ ಚಂಚಿ.

ಕೆಲವು ದಿನ ಅವ್ವ ಆ ಕಡೆ ಹಾಯಲೇ ಇಲ್ಲ. ಆಮೇಲೊಂದು ಮುಂಜಾನೆ, ಯಾರೂ ಕೇಳದಿದ್ದರೂ, ಚಹಾ ಹಿಡಿದು ಹೋಗಿ ಖೋಲಿಯ ಬಾಗಿಲಲ್ಲಿ ನಿಂತಳು. ನಾನು ಪಡಸಾಲೆಯಲ್ಲಿದ್ದೆ.

"ಅವರು ಚಪ್ಪಲ್ ಹಿಂಗ ಜೋಡಿಸಿ ಬಿಡ್ತಿದ್ದಿಲ್ರಿ," ಎಂದಳು.

ಅಕ್ಕೋರು ತಿರುಗಲಿಲ್ಲ. "ಹ್ಯಾಂಗ ಬಿಡ್ತಿದ್ರು, ವೈನಿ?"

ಅವ್ವ ಒಳಗೆ ಹೋಗಿ ಎಡಗಾಲಿನ ಚಪ್ಪಲಿಯನ್ನು ದೂರಕ್ಕೆ ಓರೆಯಾಗಿ ಇಟ್ಟಳು. "ಒಂದು ಆಕಡೆ, ಒಂದು ಈಕಡೆ. ದಿನಾ ಬೈತಿದ್ದೆ, ದಿನಾ ನಾನ ಜೋಡಿಸಿ ಇಡತಿದ್ದೆ. ಮುದುಕ ಆದ್ರೂ ಚಪ್ಪಲ್ ಬಿಡಾಕ ಬರಲಿಲ್ಲ ನೋಡ್ರಿ ಆ ಮನಷ್ಯಾಗ..." ಎನ್ನುತ್ತ ನಕ್ಕಳು. ನಗುತ್ತಿದ್ದವಳು ಹಾಗೆಯೇ ಅಳತೊಡಗಿದಳು. ಅಕ್ಕೋರು ಒಂದು ಮಣೆ ಸರಿಸಿಕೊಟ್ಟರು. ಅವ್ವ ಕೂತಳು.

ಅಂದಿನಿಂದ ಮುಂಜಾನೆಯ ಚಹಾ ಅಲ್ಲಿಯೇ. ಅಕ್ಕೋರು ಬಣ್ಣ ಹಚ್ಚುವುದು, ಅವ್ವ ಮಾತಾಡುವುದು. ನಾನೂ ಭಾರದ ಮೈ ಹೊತ್ತುಕೊಂಡು ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದೆ. ಮಿಶ್ರಿಕೋಟಿಯ ಅತ್ತೆಮನೆಗೆ ಹೊಸ ಅಳಿಯನಾಗಿ ಹೋದ ಅಪ್ಪ, ನಾಚಿಕೆಯಿಂದ ಊಟ ಕಡಿಮೆ ಮಾಡಿ, ಹಿತ್ತಲಲ್ಲಿ ಪೇರಲ ಹಣ್ಣು ಕಿತ್ತು ತಿನ್ನುತ್ತ ಸಿಕ್ಕಿಬಿದ್ದದ್ದು ನನಗೆ ಗೊತ್ತಾದದ್ದು ಆಗಲೇ.

ಚಿತ್ರ ಮುಗಿದಾಗ ಅಕ್ಕೋರು ಅದನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಬಹಳ ಹೊತ್ತು ನೋಡಿದಳು. "ಅಗದಿ ಈಗ ಬಿಟ್ಟು ಒಳಗ ಹೋಗ್ಯಾರೇನೋ ಅನ್ನೂಹಂಗ ಐತ್ರಿ. ದಿನಾ ನೋಡಾಕ ನನ್ನ ಕೈಲೆ ಆಗೂದಿಲ್ಲ. ನೀವ ಇಟ್ಕೋರಿ."

ಅಕ್ಕೋರು ಒತ್ತಾಯಿಸಲಿಲ್ಲ. ಆದರೆ ಸಾಮಾನು ಮತ್ತೆ ಅಟ್ಟ ಹತ್ತಲಿಲ್ಲ. ಬ್ಯಾಟರಿಗೆ ಹೊಸ ಸೆಲ್ ಬಿದ್ದವು. ಅಪ್ಪನ ದೊಡ್ಡ ಚಪ್ಪಲಿಯನ್ನೇ ಮೆಟ್ಟಿಕೊಂಡು ಅವ್ವ ಪಟಪಟ ಸದ್ದು ಮಾಡುತ್ತ ಹಿತ್ತಲಿಗೆ ಹೋಗುತ್ತಿದ್ದಳು.

ಮಗನಿಗೆ ವರ್ಷ ತುಂಬುವ ಮೊದಲೇ ಅಕ್ಕೋರಿಗೆ ನವಲಗುಂದದ ಕಡೆ ವರ್ಗವಾಯಿತು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಫೋನು, ಆಮೇಲೆ ಅದೂ ಇಲ್ಲ...

ಮೊನ್ನೆ ಅವರ ಹಳೆಯ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದವರು ಅವರ ತಮ್ಮ. "ಅಕ್ಕ ಹೋಗಿ ಎರಡು ವರ್ಷ ಆತ್ರಿ," ಎಂದರು. ಚಿತ್ರಗಳ ಬಗ್ಗೆ ಕೇಳಿದೆ. ಕೇಳಿದವರಿಗೆಲ್ಲ ಕೊಟ್ಟುಬಿಟ್ಟಿದ್ದರಂತೆ, ಯಾವುದು ಯಾರ ಮನೆಯಲ್ಲಿದೆಯೋ ತಮ್ಮನಿಗೂ ತಿಳಿಯದು.

ಫೋನ್ ಇಟ್ಟ ಮೇಲೆ ಈ ಸುದ್ದಿಯನ್ನು ಮೊದಲು ಅವ್ವನಿಗೆ ಹೇಳಬೇಕು ಅನಿಸಿತು. ಅವ್ವ ಹೋಗಿಯೂ ವರ್ಷಗಳಾದವು. ಅಕ್ಕೋರನ್ನು ಬಲ್ಲವರು ನಮ್ಮಲ್ಲಿ ನಾನೊಬ್ಬಳೇ ಉಳಿದಿದ್ದೆ.

"ಯಾರದ ಫೋನು, ಅವ್ವಾ?" ಎಂದ ಮಗ. ಹೇಳಲು ಕೂತೆ. ಅರ್ಧಕ್ಕೆ ಬರುವಷ್ಟರಲ್ಲಿ ಅಳು ಬಂತು. ಅವನು ಎದ್ದು ಹೋಗಲಿಲ್ಲ. ಹತ್ತಿರ ಸರಿದು ಕೂತು, "ಮುಂದೇನಾತು?" ಎಂದ.