ನಾಲಿಗೆಯ ಅಂಚಿನ ಗುರುತು

ಓಕ್‌ಲೆಂಡಿನ ಚೈನಾಟೌನಿನಲ್ಲಿ ಬೇರು, ತೊಗಟೆ ಮಾರುವ ಅಂಗಡಿಯ ಹಿಂದಿನ ಕೋಣೆ. ಅಕ್ಕ ತೂಕ ಇಳಿಸಲೇಬೇಕೆಂದು ಭಾವ ಹಟ ಹಿಡಿದು ಫಾಸ್ಟರ್ ಸಿಟಿಯಿಂದ ನಮ್ಮಿಬ್ಬರನ್ನೂ ಕರೆತಂದಿದ್ದರು. ರಿಪೇರಿಗೆ ಬಿಟ್ಟ ಕಾರಿನ ಪಕ್ಕ ನಿಲ್ಲುವವರ ಹಾಗೆ ಕೈಕಟ್ಟಿ ನಿಂತಿದ್ದರು.

ಮುದುಕ ಚೀನೀ ವೈದ್ಯ ತೂಕ ನೋಡಲಿಲ್ಲ, ನಾಲಿಗೆ ಚಾಚಲು ಹೇಳಿದ. ಅಕ್ಕನ ನಾಲಿಗೆಯ ಅಂಚಿನುದ್ದಕ್ಕೂ ಹಲ್ಲಿನ ಗುರುತುಗಳಿದ್ದವು. ಅವನು ಹೇಳಿದ್ದನ್ನು ಪಕ್ಕದಲ್ಲಿದ್ದ ಅವನ ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು. ಒಳಗೆ ತೇವ ಕಟ್ಟಿಕೊಂಡಿದೆ. ನಾಲಿಗೆ ಊದಿ ಹಲ್ಲಿಗೆ ಒತ್ತುತ್ತಿದೆ. ಮೈ ಬಂದಿರುವುದೂ ಅದರಿಂದಲೇ. ಮನಸ್ಸಿನಲ್ಲೇ ಕೊರಗುವವರಿಗೆ ಹೀಗಾಗುತ್ತದೆ. ಇವರಿಗೇನು ಚಿಂತೆ?

ಅಕ್ಕನ ನಾಲಿಗೆ ಇನ್ನೂ ಹೊರಗಿತ್ತು. ಭಾವನೇ ಉತ್ತರ ಕೊಟ್ಟರು: "ನಥಿಂಗ್. ಶಿ ಈಸ್ ಅಟ್ ಹೋಮ್ ಆಲ್ ಡೇ." ಆಮೇಲೆ ನಗುತ್ತಾ, "ನಿಂಗೇನೋ ಚಿಂತೆ ಇದ್ಯಂತೆ ಕಣೇ!" ಎಂದರು.

ಅಕ್ಕ ನಾಲಿಗೆಯನ್ನು ಒಳಗೆಳೆದುಕೊಂಡು, "ನಂಗ್ಯಾವ ಚಿಂತೆ ಬಿಡಿ," ಎಂದಳು.

ಅಮ್ಮನಿಗೆ ಕಾಗದ ಬರೆಯಲೆಂದು ಕೊಂಡ ಏರೋಗ್ರಾಮಿನಲ್ಲೇ ಇದನ್ನು ಗೀಚುತ್ತಿದ್ದೇನೆ. ಇನ್ನು ಇದನ್ನು ಅವಳಿಗೆ ಕಳಿಸುವ ಹಾಗಿಲ್ಲ. "ಹಲ್ಲು ಕಚ್ಚಿಕೊಂಡು ಸಂಸಾರ ಮಾಡ್ತಿದಾಳೆ ಪಾಪ," ಎಂದು ಅಕ್ಕನ ಬಗ್ಗೆ ಅಮ್ಮ ಹೇಳುವಾಗಲೆಲ್ಲ ಅದು ಬರೀ ಮಾತೆಂದುಕೊಂಡಿದ್ದೆ. ಗುರುತು ಬೀಳುತ್ತದೆಂದು ಗೊತ್ತಿರಲಿಲ್ಲ.