ಪುಟ್ಟಮ್ಮನವರ ಜಾಯ್‌ಸ್ಟಿಕ್

ಚಾಮರಾಜನಗರದಿಂದ ಗುಂಡ್ಲುಪೇಟೆವರೆಗೂ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಸೊಂಟ ಸೋತುಹೋಗಿತ್ತು. ಹಿಂದೆ ವಿಡಿಯೊ ಗೇಮ್ ಅಂಗಡಿ ನಡೆಸುತ್ತಿದ್ದ ಪುಟ್ಟಮ್ಮನವರು, ಅಂಗಡಿ ಮುಚ್ಚಿದ ಮೇಲೂ ಒಂದು ಯಂತ್ರವನ್ನು ಮನೆಯಲ್ಲಿಟ್ಟುಕೊಂಡು ದಿನವೂ ವಿಮಾನದ ಆಟ ಆಡುತ್ತಿದ್ದರು. ಅದು ಕೆಟ್ಟು ನಿಂತಿತ್ತೆಂದು ರಿಪೇರಿಗೆ ನನ್ನನ್ನು ಕರೆಸಿದ್ದರು. ಹಳೆಯ ಭಾಗಗಳು ಎಲ್ಲೂ ಸಿಗದೆ, ಒಳಗೆ ಪುಟ್ಟ ಕಂಪ್ಯೂಟರ್ ಕೂರಿಸಿ, ಅದೇ ಆಟದ ನಕಲು ಹಾಕಿ, ವಿಮಾನ ತಿರುಗಿಸಲು ಹೊಸ ಜಾಯ್‌ಸ್ಟಿಕ್ ಬಿಗಿದೆ.

ಪುಟ್ಟಮ್ಮ ಆಡಿದರು. ಮೂರು ಸಲವೂ ವಿಮಾನ ಬಲಕ್ಕೇ ಸರಿದು ಸಿಡಿಯಿತು.

"ಇದು ನನ್ನಾಟ ಅಲ್ಲ ಕಣಪ್ಪ."

"ಅದೇ ಆಟ ಅಮ್ಮ, ಒಂಚೂರೂ ಬದಲಾಗಿಲ್ಲ," ಎಂದೆ.

"ಹಳೇದು ಎಡಕ್ಕೆ ಎಳೀತಿತ್ತು. ಇಪ್ಪತ್ತು ವರ್ಸದಿಂದ ಬಲಕ್ಕೆ ಒತ್ಕಂಡೇ ಆಡ್ತಾ ಇವ್ನಿ. ಈಗ ಕೈಗೆ ಯೋಳೋದೆಂಗೆ?"

ವಾದಿಸಲು ನನ್ನಲ್ಲಿ ತ್ರಾಣವಿರಲಿಲ್ಲ. ಬಿಚ್ಚಿಟ್ಟಿದ್ದ ಹಳೆಯ ಜಾಯ್‌ಸ್ಟಿಕ್ಕನ್ನೇ ಮತ್ತೆ ಕೂರಿಸಿದೆ. ಅವರು ನಿಂತ ನಿಲುವಿನಲ್ಲೇ ನಾಲ್ಕು ಹಂತ ದಾಟಿದರು. ನನ್ನತ್ತ ತಿರುಗಿಯೂ ನೋಡದೆ, "ಫ್ಲಾಸ್ಕಲ್ಲಿ ಕಾಪಿ ಅದೆ, ಕುಡ್ಕಂಡ್ ಓಗಪ್ಪ," ಎಂದರು.

ಸರ್ವಿಸ್ ಚೀಟಿಯಲ್ಲಿ, ದೋಷ ನಿವಾರಣೆಯಾಗಿದೆಯೇ ಎಂಬ ಪ್ರಶ್ನೆಯಿತ್ತು. ಕಾಫಿ ಮುಗಿಯುವವರೆಗೂ ಯೋಚಿಸಿ, "ಗ್ರಾಹಕರ ಕೋರಿಕೆಯಂತೆ ದೋಷವನ್ನು ವಾಪಸ್ ಅಳವಡಿಸಲಾಗಿದೆ" ಎಂದು ಬರೆದು ರುಜು ಹಾಕಿದೆ.