ಕೂಸು ಹುಟ್ಟುವ ಮುಂಚೆ ಹೊಲಿದ ಪೈಜಾಮ

ಒರೆಸಿದ ನೆಲ ಆರುವ ಮೊದಲೇ ಮಗಳು ಬಚ್ಚಲಿನಿಂದ ಬಂದು, ಅಡುಗೆಮನೆಯವರೆಗೂ ಹೆಜ್ಜೆ ಮೂಡಿಸಿ ಹೋದಳು. ಬೈಯಲು ಬಾಯಿ ತೆರೆದವಳು ಕೆಂಪು ನೆಲದ ಮೇಲಿನ ಒದ್ದೆ ಪಾದಗಳನ್ನು ನೋಡುತ್ತಾ ನಿಂತೆ. ನಿಮಗೂ ಹೀಗಾಗುತ್ತದಲ್ಲವೇ, ಬೈಗುಳಕ್ಕೆ ನೆನಪು ಅಡ್ಡ ಬರುವುದು?

ಇಪ್ಪತ್ತು ವರ್ಷದ ಹಿಂದೆ, ಇವಳು ಹೊಟ್ಟೆಯಲ್ಲಿದ್ದ ಐದನೇ ತಿಂಗಳು, ಭದ್ರಾವತಿಯ ಕ್ವಾರ್ಟರ್ಸಿನಿಂದ ಅತ್ತೆಯ ಜೊತೆ ಬಸ್ಸು ಹತ್ತಿ ದುರ್ಗಿಗುಡಿಗೆ ಸ್ಕ್ಯಾನಿಂಗಿಗೆ ಹೋಗಿದ್ದೆ. ಡಾಕ್ಟರಮ್ಮ ತಲೆ, ಬೆನ್ನುಮೂಳೆ, ತೊಡೆಮೂಳೆ ಎಂದು ಒಂದೊಂದನ್ನೇ ಅಳೆಯುತ್ತಿದ್ದರೆ ಅವರ ಚಪ್ಪಲಿ ನೆಲಕ್ಕೆ ತಾಳ ಹಾಕುತ್ತಿತ್ತು. ಆ ತಾಳ ಥಟ್ಟನೆ ನಿಂತಿತು.

"ಕಾಲಿನ ಮೂಳೆ ಉದ್ದಕ್ಕೆ ಕಾಣುವಾಗ ಅಂಗಾಲು ಕಾಣಬಾರದಮ್ಮ. ಇಲ್ಲಿ ಎರಡೂ ಒಟ್ಟಿಗೆ ಕಾಣ್ತಿದೆ. ಪಾದಗಳು ಒಳಕ್ಕೆ ತಿರುಗಿವೆ. ಬೇರೆ ಮೂಳೆಗಳೆಲ್ಲ ಸರಿಯಾಗಿವೆ. ಹುಟ್ಟಿದ ವಾರದಲ್ಲೇ ಪ್ಲಾಸ್ಟರ್ ಶುರು ಮಾಡೋಣ, ಮಗು ನಡೆಯತ್ತೆ."

ಕಾನ್ವೆಂಟಿನಲ್ಲಿ ಓದಿದವಳೆಂಬ ಜಂಬ ನನಗೆ. ರಿಪೋರ್ಟಿನ ಇಂಗ್ಲಿಷನ್ನೆಲ್ಲ ಓದಿ ಅರ್ಥ ಮಾಡಿಕೊಂಡೆ. 'ನಡೆಯತ್ತೆ' ಎಂಬ ಕನ್ನಡ ಮಾತೊಂದು ಮಾತ್ರ ಕಿವಿಗೆ ಬೀಳಲಿಲ್ಲ. ಅಳುತ್ತಾ ಕೂತೆ. ಗ್ರಹಣದ ದಿನ ನಾನು ಹಿತ್ತಲಿಗೆ ಹೋಗಿದ್ದನ್ನು ಅತ್ತೆ ಈಗ ಎತ್ತುತ್ತಾರೆಂದು ಕಾದೆ.

"ಪ್ಲಾಸ್ಟರ್ ಎಲ್ಲೀತನಕ ಬರತ್ತೆ ಡಾಕ್ಟ್ರಮ್ಮ?" ಎಂದರು ಅತ್ತೆ.

"ತೊಡೆತನಕ."

ಅತ್ತೆ ಗಾಳಿಯಲ್ಲೇ ಗೇಣು ಹಾಕಿ ಅಳತೆ ನೋಡಿದರು.

ಹೆರಿಗೆಗೆ ಮುಂಚೆ ಮಗುವಿನ ಬಟ್ಟೆ ಮನೆಯೊಳಗೆ ಬರಕೂಡದು ಎನ್ನುವವರು ಅವರು. ನಾನು ಆಸೆಪಟ್ಟು ತಂದ ಉಣ್ಣೆಯನ್ನು ಅಂಗಡಿಗೇ ವಾಪಸು ಮಾಡಿಸಿದ್ದರು. ಮಾರನೇ ದಿನ ಅದೇ ಅತ್ತೆ ತಮ್ಮ ಹಳೆಯ ವಾಯಿಲ್ ಸೀರೆ ಕತ್ತರಿಸಿ ಹೊಲಿಗೆ ಮಿಷನ್ನಿನ ಮುಂದೆ ಕೂತರು. ಪ್ಲಾಸ್ಟರಿನ ಮೇಲೂ ಹಿಡಿಸುವಂಥ, ಪಕ್ಕದಲ್ಲಿ ಲಾಡಿ ಕಟ್ಟುವ ಅಗಲ ಪೈಜಾಮಗಳು!

ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ, "ಏನಮ್ಮಾ, ಕೂಸು ಹುಟ್ಟೋಕ್ಮುಂಚೆನೇ ಕುಲಾವಿನಾ?" ಎಂದು ನಕ್ಕರು.

"ಕುಲಾವಿ ಅಲ್ಲ ಮಾರಾಯ್ತಿ, ಪೈಜಾಮ. ನಮ್ಮ ಕೂಸಿಗೆ ಹುಟ್ಟಿದ ಕೂಡ್ಲೇ ಕೆಲಸ ಇದೆ."

ಆಮೇಲೆ ನನ್ನತ್ತ ತಿರುಗಿ, "ಅತ್ತಿದ್ದು ಸಾಕು, ಲಾಡಿ ಹೊಲಿ. ಅದನ್ನೂ ಹೇಳ್ಕೊಡ್ಲಿಲ್ವೇನೇ ನಿನ್ನ ಕಾನ್ವೆಂಟಲ್ಲಿ?" ಎಂದರು. ನಿಜ ಹೇಳುತ್ತೇನೆ, ಹೇಳಿಕೊಟ್ಟಿದ್ದು ಕರ್ಚೀಫಿನ ಮೂಲೆಗೆ ಗುಲಾಬಿ ಹಾಕುವುದನ್ನು.

ಹುಟ್ಟಿದ ಆರನೇ ದಿನ ಮೊದಲ ಪ್ಲಾಸ್ಟರ್. ಆಮೇಲೆ ವಾರ ವಾರ ಬದಲಾವಣೆಗೆ ಬಸ್ಸಿನಲ್ಲಿ ಹೋಗುವಾಗ ಯಾರಾದರೂ "ಅಯ್ಯೋ ಪಾಪ" ಎಂದರೆ ಸಾಕು, ಅತ್ತೆಗೆ ರೇಗುತ್ತಿತ್ತು. "ಪಾಪ ಯಾಕ್ರೀ? ಹೊಟ್ಟೇಲಿರುವಾಗಲೇ ಕಂಡುಹಿಡಿದಿದಾರೆ ನಮ್ಮ ಡಾಕ್ಟ್ರಮ್ಮ!" ಬಸ್ಸಿಗೆಲ್ಲ ಕೇಳುವ ಹಾಗೆ. ನಾಚಿಕೆಯಿಂದ ಕಿಟಕಿಯಾಚೆ ನೋಡುತ್ತಿದ್ದ ನಾನು, ನಾಲ್ಕನೇ ವಾರಕ್ಕೆ ಅದನ್ನೇ ಅವರಿಗಿಂತ ಜೋರಾಗಿ ಹೇಳತೊಡಗಿದ್ದೆ.

ಈಗ ಒಳಗಿನಿಂದ ಅದೇ ಅತ್ತೆ ಕೂಗಿದರು: "ಯಾರೇ ಒದ್ದೆ ನೆಲ ತುಳಿದಿದ್ದು?"

"ನಿಮ್ಮ ಮೊಮ್ಮಗಳೇ. ಬನ್ನಿ ಅತ್ತೆ, ಅಂಗಾಲು ಎರಡೂ ಕಾಣ್ತಿದೆ."

ಗೋಡೆ ಹಿಡಿದು ಬಂದರು. ಕನ್ನಡಕ ಸರಿಮಾಡಿಕೊಂಡು, ನಿಧಾನಕ್ಕೆ ಬಗ್ಗಿ, ಒಂದು ಹೆಜ್ಜೆಯ ಮೇಲೆ ಗೇಣು ಹಾಕಿದರು. "ಒಂದು ಗೇಣು, ಎರಡು ಬೆರಳು."

ನಾನು ಒರೆಸುವ ಬಟ್ಟೆ ಎತ್ತಿಕೊಂಡೆ.

"ಬಿಡೇ," ಎಂದರು, "ತಾನೇ ಆರತ್ತೆ."